ರಕ್ಕಸನ ಮುಖ ಯಾರದು?

ಆನೇಕಲ್ ತಾಲ್ಲೂಕಿನ ಧರ್ಮಕೇಂದ್ರವೊಂದರಲ್ಲಿ ಯುವಜನರಿಗಾಗಿ ಏರ್ಪಡಿಸಿದ್ದ ಒಂದು ದಿನದ ಧ್ಯಾನಕೂಟಕ್ಕೆ ಕಳೆದ ವರ್ಷ ನನ್ನನ್ನು ಕರೆದಿದ್ದರು. ಅತ್ತಿಬೆಲೆ, ಚಂದಾಪುರ, ಬೊಮ್ಮಸಂದ್ರ, ಜಿಗಣಿ ಸೀಮೆಯ ಧರ್ಮಕೇಂದ್ರಗಳ ಸ್ವರೂಪವನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ಬೆಳಗಿನ ಬಲಿಪೂಜೆಗೆ ಊರಿನ ಹಳೆಯ ಕುಟುಂಬಗಳು ಬರುತ್ತವೆ. ಆಮೇಲಿನದಕ್ಕೆ ಎಲೆಕ್ಟ್ರಾನಿಕ್ ಸಿಟಿಯ ಅಪಾರ್ಟ್‌ಮೆಂಟುಗಳ ಜನ. ಸಂಜೆಗೆ ಪಾಳಿ ಮುಗಿಸಿದ ಜಾರ್ಖಂಡ್, ಒಡಿಶಾ ಮತ್ತು ಈಶಾನ್ಯ ರಾಜ್ಯಗಳ ಹುಡುಗ ಹುಡುಗಿಯರು. ಅಂದು ಇವರೆಲ್ಲರೂ ಒಂದೇ ಚಪ್ಪರದಡಿ ಕುಳಿತಿದ್ದುದು ಅಪರೂಪದ ಸಂಗತಿ.

ಊಟದ ಬಿಡುವಿನಲ್ಲಿ ಈಶಾನ್ಯದ ಹುಡುಗಿಯೊಬ್ಬಳು ನನ್ನ ಬಳಿ ಬಂದು, ಕೆಲಸದ ಕಡೆ ತನಗೊಂದು ಅಡ್ಡಹೆಸರು ಇಟ್ಟಿದ್ದಾರೆಂದು ನಗುತ್ತಲೇ ಹೇಳಿದಳು. ಆ ಹೆಸರು 'ಆರ್ಕ್'. ಹಾಗೆಂದರೇನೆಂದು ತಿಳಿಯದೆ ಮೊಬೈಲಿನಲ್ಲಿ ಚಿತ್ರ ಹುಡುಕಿ ನೋಡಿದೆ ಎಂದಳು. ಅವಳ ನಗು ಅಲ್ಲಿಗೆ ನಿಂತಿತು. ಹೆಸರಿಟ್ಟವನು ಅದೇ ಕೂಟದಲ್ಲಿದ್ದ. ಒಳ್ಳೆಯ ಹುಡುಗ, ಭಾನುವಾರ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವವನು, ರಾತ್ರಿ ಗೆಳೆಯರೊಡನೆ ಕಂಪ್ಯೂಟರಿನಲ್ಲಿ ಯುದ್ಧದಾಟ ಆಡುವವನು. ನಾನು ಕೇಳಿದಾಗ ಅವನು ನಿಜವಾಗಿಯೂ ಆಶ್ಚರ್ಯಪಟ್ಟ. "ಫಾದರ್, ಅದು ಬರೀ ಕಲ್ಪನೆ. ಆರ್ಕ್ ಅನ್ನುವ ಜೀವಿಯೇ ಇಲ್ಲ. ಇಲ್ಲದ ಜೀವಿಯ ಹೆಸರಿನಿಂದ ಕರೆದರೆ ಅವಮಾನ ಹೇಗಾಗುತ್ತದೆ?" ಎಂದ. ಪಕ್ಕದಲ್ಲಿದ್ದ ಹಿರಿಯರೊಬ್ಬರು ತಕ್ಷಣವೇ, ಇಂಥ ಪುಸ್ತಕ, ಸಿನಿಮಾ, ಆಟಗಳೆಲ್ಲ ಸೈತಾನನ ಕೆಲಸ, ಒಟ್ಟುಮಾಡಿ ಸುಡಬೇಕು ಎಂದುಬಿಟ್ಟರು. ಗಂಟೆ ಬಾರಿಸಿತು, ನಾನು ಇಬ್ಬರಿಗೂ ಸರಿಯಾದ ಉತ್ತರ ಕೊಡದೆ ಪ್ರಬೋಧನೆಗೆ ಎದ್ದೆ. ಆ ಬಾಕಿ ಉಳಿದುಕೊಂಡಿದೆ. ಈ ಲೇಖನ ಆ ಬಾಕಿಯ ಸಂದಾಯ.

ಮೊದಲು ಹಿರಿಯರ ಮಾತನ್ನು ಬೇಗನೆ ಮುಗಿಸಿಬಿಡುತ್ತೇನೆ. ಆರ್ಕ್‌ಗಳನ್ನು ಲೋಕಪ್ರಸಿದ್ಧಗೊಳಿಸಿದ ಜೆ. ಆರ್. ಆರ್. ಟೋಲ್ಕಿನ್ ನಿಷ್ಠಾವಂತ ಕಥೋಲಿಕ. 1892ರಲ್ಲಿ ದಕ್ಷಿಣ ಆಫ್ರಿಕದ ಬ್ಲೂಮ್‌ಫಾಂಟೀನ್‌ನಲ್ಲಿ ಹುಟ್ಟಿದವರು. ತಾಯಿ 1900ರಲ್ಲಿ ಕಥೋಲಿಕ ಧರ್ಮಸಭೆಗೆ ಸೇರಿ, ಆ ಕಾರಣಕ್ಕೆ ಬಂಧುಗಳ ನೆರವನ್ನು ಕಳೆದುಕೊಂಡು, 1904ರಲ್ಲಿ ತೀರಿಕೊಂಡರು. ಅನಾಥ ಮಕ್ಕಳನ್ನು ಸಾಕಿ ಓದಿಸಿದವರು ಬರ್ಮಿಂಗ್‌ಹ್ಯಾಮಿನ ಆರೇಟರಿಯ ಗುರುಗಳಾದ ಫಾದರ್ ಫ್ರಾನ್ಸಿಸ್ ಮಾರ್ಗನ್. ಇಂಥವರ ಪುಸ್ತಕವನ್ನು ಸುಡಲು ಹೊರಡುವವರು ಮೊದಲು ಅದನ್ನು ಓದಲಿ. ನಾನು ಗುರುಮಠದಲ್ಲಿದ್ದಾಗ ಓದಿದೆ, ಮತ್ತೆ ಐವತ್ತು ದಾಟಿದ ಮೇಲೆ ಓದಿದೆ. ಎರಡು ಸಲವೂ ಮೆಚ್ಚಿದೆ. ಎರಡನೆಯ ಸಲ ಮಾತ್ರ ನನಗೆ ಮುಜುಗರವೂ ಆಯಿತು. ಅದರ ಕಾರಣವೇ ನನ್ನ ವಿಷಯ.

ಹುಡುಗನ ಮಾತಿಗೆ ಬರುತ್ತೇನೆ. ಏಕೆಂದರೆ ಅದು ಅವನೊಬ್ಬನ ಮಾತಲ್ಲ, ಓದುಬಲ್ಲವರೆಲ್ಲರ ನೆಚ್ಚಿನ ನೆಪ. ಬರೀ ಕಲ್ಪನೆ! ಶೂನ್ಯದಿಂದ ಸೃಷ್ಟಿಸುವವನು ದೇವರೊಬ್ಬನೇ ಎಂಬುದು ನಾವೆಲ್ಲ ಬಾಲ್ಯದಲ್ಲೇ ಕಲಿತ ಪಾಠ. ಮನುಷ್ಯ ಕಲ್ಪಿಸುವುದು ಇದ್ದುದನ್ನು ಮುರಿದು, ಜೋಡಿಸಿ, ಹಿಗ್ಗಿಸಿ, ಕುಗ್ಗಿಸಿ. ಟೋಲ್ಕಿನ್ನರ 'ದ ಹಾಬಿಟ್' 1937ರಲ್ಲಿ, 'ದ ಲಾರ್ಡ್ ಆಫ್ ದ ರಿಂಗ್ಸ್' 1954-55ರಲ್ಲಿ ಪ್ರಕಟವಾದವು. ಅವುಗಳಲ್ಲಿ ಬರುವ ಒಂದೊಂದು ಕುಲಕ್ಕೂ ತವರುಮನೆ ಇದೆ. ಸೊಂಟದೆತ್ತರದ ನೆಮ್ಮದಿಪ್ರಿಯ ಹಾಬಿಟ್ಟರು ಅವರು ಬಾಲ್ಯ ಕಳೆದ ಸೇರ್‌ಹೋಲ್ ಎಂಬ ಇಂಗ್ಲಿಷ್ ಹಳ್ಳಿಯ ರೈತಾಪಿ ಜನ. ಅವರಲ್ಲಿ ಸ್ಯಾಮ್ ಎಂಬ ನಂಬಿಗಸ್ತ ಸೇವಕನಿಗೆ 1914ರ ಮಹಾಯುದ್ಧದಲ್ಲಿ ಅವರು ಕಂಡ ಸಾಮಾನ್ಯ ಸಿಪಾಯಿಗಳೇ ಮಾದರಿ. ರೋಹನ್ನಿನ ಕುದುರೆ ಸವಾರರು ಹಳೆಯ ಆಂಗ್ಲೋ-ಸ್ಯಾಕ್ಸನ್ನರು. ಅವರ ಹೆಸರು, ಹಾಡು, ಭಾಷೆ ಎಲ್ಲ ಅಲ್ಲಿಯದೇ. ಸುಂದರಾಂಗರಾದ ಎಲ್ಫ್ ಜನರ ಎರಡು ಭಾಷೆಗಳಲ್ಲಿ ಒಂದಕ್ಕೆ ಫಿನ್ನಿಶ್, ಇನ್ನೊಂದಕ್ಕೆ ವೆಲ್ಶ್ ಮೇಲ್ಪಂಕ್ತಿ. ಗಡ್ಡದ ಕುಳ್ಳರಾದ ಡ್ವಾರ್ಫ್‌ಗಳ ಹೆಸರುಗಳನ್ನು ಐಸ್‌ಲ್ಯಾಂಡಿನ ಪ್ರಾಚೀನ ಕಾವ್ಯದ ಒಂದು ಪಟ್ಟಿಯಿಂದ ಎತ್ತಿಕೊಂಡರು. ಆದರೆ ತಾಯ್ನೆಲ ಕಳೆದುಕೊಂಡು, ಪರರ ನಾಡಿನಲ್ಲಿ ಪರರ ನುಡಿಯಾಡುತ್ತ, ಮನೆಯೊಳಗೆ ಸ್ವಂತ ನುಡಿಯನ್ನು ಗುಟ್ಟಾಗಿ ಕಾಪಾಡಿಕೊಂಡ ಆ ಜನ ತನಗೆ ಯೆಹೂದ್ಯರನ್ನು ನೆನಪಿಸುತ್ತಾರೆಂದು ಅವರೇ ಬರೆದಿದ್ದಾರೆ. ಡ್ವಾರ್ಫ್‌ಗಳ ಭಾಷೆಯನ್ನು ಸೆಮಿಟಿಕ್ ನುಡಿಗಳ ಹದದಲ್ಲೇ ಕಟ್ಟಿದರು.

ಈಗ ಆರ್ಕ್. ಈ ಹೆಸರನ್ನು ಅವರು ತೆಗೆದುಕೊಂಡದ್ದು ಪ್ರಾಚೀನ ಇಂಗ್ಲಿಷಿನಿಂದ. 'ಬೇವುಲ್ಫ್' ಕಾವ್ಯದ ಅನಾಮಿಕ ಕವಿ ದೈತ್ಯರನ್ನೂ ಪಿಶಾಚಿಗಳನ್ನೂ ಹೆಸರಿಸುವ ಒಂದೆಡೆ ಇದರ ಮೂಲಪದ ಬರುತ್ತದೆ. ಆ ಕ್ರೈಸ್ತ ಕವಿ ಇವರೆಲ್ಲರನ್ನೂ ತಮ್ಮನನ್ನು ಕೊಂದ ಕಾಯಿನನ ಸಂತತಿಯೆಂದು ಹೇಳಿದ್ದಾನೆ. ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಕಾಯಿನನ ಸಂತತಿ ಎಂದರೆ ಆದಾಮನ ಸಂತತಿ. ಸಾವಿರ ವರ್ಷದ ಹಿಂದಿನ ಆ ಕವಿಗೆ ರಕ್ಕಸನೂ ದಾರಿತಪ್ಪಿದ ದಾಯಾದಿಯೇ ಆಗಿದ್ದ. ಟೋಲ್ಕಿನ್ ಹೆಸರನ್ನು ತೆಗೆದುಕೊಂಡರು, ದಾಯಾದಿತನವನ್ನು ಬಿಟ್ಟರು. ಮುಖಕ್ಕೆ ಬೇರೆ ಮೂಲ ಹುಡುಕಿದರು. 1958ರಲ್ಲಿ ಯಾರೋ ಈ ಕಥೆಯನ್ನು ಚಲನಚಿತ್ರ ಮಾಡಲು ಹೊರಟಾಗ, ಆರ್ಕ್‌ಗಳು ನೋಡಲು ಹೇಗಿರಬೇಕೆಂದು ಒಂದು ಪತ್ರದಲ್ಲಿ ವಿವರಿಸಿದರು: ಗಿಡ್ಡ ದೇಹ, ಚಪ್ಪಟೆ ಮೂಗು, ಹಳದಿ ಛಾಯೆಯ ಚರ್ಮ, ಅಗಲ ಬಾಯಿ, ಓರೆಗಣ್ಣು. ಅಷ್ಟಕ್ಕೇ ನಿಲ್ಲದೆ, ಐರೋಪ್ಯರ ಕಣ್ಣಿಗೆ ಅತ್ಯಂತ ಅನಾಕರ್ಷಕವಾಗಿ ಕಾಣುವ ಮಂಗೋಲ್ ಚಹರೆಯ ವಿಕೃತ ರೂಪ ಇದು ಎಂಬರ್ಥದ ಮಾತನ್ನೂ ಸೇರಿಸಿದರು.

ಆದ್ದರಿಂದ ತಮ್ಮಾ, ಆರ್ಕ್ ಎಂಬ ಜೀವಿ ಇಲ್ಲ, ಒಪ್ಪಿದೆ. ಆ ಮುಖ ಇದೆ. ಅದನ್ನು ಯಾವ ಜನರಿಂದ ಎರವಲು ತರಲಾಯಿತೋ ಆ ಜನ ಇದ್ದಾರೆ. ನೀನು ಆ ಹುಡುಗಿಗೆ ಇಲ್ಲದ ಹೆಸರೇನನ್ನೂ ಹೊಸದಾಗಿ ಅಂಟಿಸಲಿಲ್ಲ. ಲೇಖಕರು ಅವಳಂಥವರ ಮುಖದಿಂದ ಕಿತ್ತು ಒಯ್ದುದನ್ನು, ಅರವತ್ತೇಳು ವರ್ಷ ಕಳೆದ ಮೇಲೆ, ಆನೇಕಲ್ಲಿನಲ್ಲಿ ಅವಳಿಗೇ ಹಿಂದಿರುಗಿಸಿದೆ, ಕೋರೆಹಲ್ಲು ಸೇರಿಸಿ.

ನ್ಯಾಯವಾಗಿ ಮಾತಾಡಬೇಕು. ಟೋಲ್ಕಿನ್ ಜನಾಂಗದ್ವೇಷಿ ಎಂದು ಹಣೆಪಟ್ಟಿ ಹಚ್ಚುವವರು ಅವರನ್ನು ಅರಿಯರು. 1938ರಲ್ಲಿ ಜರ್ಮನ್ ಪ್ರಕಾಶಕರು ನೀವು ಆರ್ಯರೇ ಎಂದು ವಿಚಾರಿಸಿದಾಗ ಅವರು ಬರೆದ ಕರಡು ಉತ್ತರದ ಖಾರ ಇಂದಿಗೂ ಇಳಿದಿಲ್ಲ: ಯೆಹೂದ್ಯರಂಥ ಪ್ರತಿಭಾವಂತ ಜನರ ರಕ್ತ ತನ್ನಲ್ಲಿಲ್ಲದ್ದಕ್ಕೆ ವಿಷಾದಿಸಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಗನಿಗೆ ಬರೆಯುತ್ತ, ನಿಜಜೀವನದಲ್ಲಿ ಆರ್ಕ್‌ಗಳು ಎರಡೂ ಪಕ್ಷಗಳಲ್ಲಿ ಇರುತ್ತಾರೆಂದು ಎಚ್ಚರಿಸಿದ್ದರು. ಅಂಥ ವಿವೇಕಿಯ ಲೇಖನಿಯೂ ಕೇಡಿಗೊಂದು ಮುಖ ಬೇಕಾದಾಗ ಅನಾಯಾಸವಾಗಿ ಪೂರ್ವದಿಕ್ಕಿಗೆ ತಿರುಗಿತು ಎಂಬುದೇ ನನ್ನನ್ನು ಕಾಡುವ ಸಂಗತಿ. ದ್ವೇಷಿಯ ತಪ್ಪನ್ನು ಗುರುತಿಸುವುದು ಸುಲಭ. ಸಜ್ಜನನ ಅಭ್ಯಾಸಬಲವನ್ನು ಗುರುತಿಸುವುದು ಕಷ್ಟ.

ಇನ್ನೊಂದು ವಿಚಾರವನ್ನೂ ನಮ್ಮ ಹುಡುಗರು ಗಮನಿಸಿದಂತಿಲ್ಲ. ಆ ಕಥೆಯಲ್ಲಿ ಶತ್ರುವಿನ ಪರವಾಗಿ ದಕ್ಷಿಣದ ಬಿಸಿಲುನಾಡಿನಿಂದ ಕಪ್ಪು ಬಣ್ಣದ ಜನ ಬರುತ್ತಾರೆ, ದೈತ್ಯ ಆನೆಗಳನ್ನೇರಿ. ಆನೇಕಲ್ಲಿನ ಹುಡುಗ ತಾನು ಎಲ್ಫ್ ಎಂದೋ ಪಶ್ಚಿಮದ ರಾಜಕುಮಾರನೆಂದೋ ಭಾವಿಸಿ ಬಿಲ್ಲೆತ್ತುತ್ತಾನೆ. ಬನ್ನೇರುಘಟ್ಟದ ಆನೆಗಳು ರಾಗಿ ಹೊಲಕ್ಕೆ ಇಳಿಯುವ ಈ ಸೀಮೆಯವರನ್ನು ಆ ಪುಸ್ತಕದ ಭೂಪಟ ಯಾವ ಕಡೆ ನಿಲ್ಲಿಸಿದೆ ಎಂದು ಅವನು ಒಮ್ಮೆಯಾದರೂ ಕೇಳಿಕೊಂಡಿದ್ದಾನೆಯೇ?

ಇದು ಹೊಸ ಕಥೆಯೇನಲ್ಲ. ಪಾರಸಿಕ ದೊರೆಯ ಆಸ್ಥಾನವೈದ್ಯನಾಗಿದ್ದ ಕ್ಟೀಸಿಯಸ್ ಎಂಬ ಗ್ರೀಕ, ಕ್ರಿ.ಪೂ. 400ರ ಆಸುಪಾಸಿನಲ್ಲಿ, ಭಾರತವನ್ನು ಕಣ್ಣಿಂದ ಕಾಣದೆಯೇ ಭಾರತದ ಬಗ್ಗೆ ಗ್ರಂಥ ಬರೆದ. ನಾಯಿತಲೆಯ ಜನ, ಒಂಟಿಕಾಲಿನ ಜನ, ಗೇಣುದ್ದದ ಜನ, ಎಲ್ಲರನ್ನೂ ಇಲ್ಲಿಯೇ ನೆಲೆಗೊಳಿಸಿದ. ಚಂದ್ರಗುಪ್ತ ಮೌರ್ಯನ ಆಸ್ಥಾನಕ್ಕೆ ಬಂದಿದ್ದ ಮೆಗಸ್ತನೀಸನೂ ತನ್ನ ಪಾಲಿಗೆ ಕಿವಿಯನ್ನೇ ಹೊದ್ದು ಮಲಗುವ ಜನರನ್ನು ಸೇರಿಸಿದ. ಕ್ರಿ.ಶ. 77ರಲ್ಲಿ ರೋಮಿನ ಪ್ಲಿನಿ ಇವೆಲ್ಲವನ್ನೂ ವಿಶ್ವಕೋಶದಂಥ ತನ್ನ ಗ್ರಂಥದಲ್ಲಿ ಸಂಗ್ರಹಿಸಿದ ಮೇಲೆ, ಯುರೋಪಿನ ಭೂಪಟಗಳ ಅಂಚಿನಲ್ಲಿ ಶತಮಾನಗಳ ಕಾಲ ಈ ವಿಚಿತ್ರ ಕುಲಗಳೇ ನಿಂತವು. ಆಗ ಪಶ್ಚಿಮದ ಆರ್ಕ್‌ಗಳು ನಾವು! ನಗುವ ಮೊದಲು ಮುಂದಿನ ಮಾತನ್ನೂ ಕೇಳಬೇಕು. ಕಿವಿ ಹೊದೆಯುವವರನ್ನು ಮೆಗಸ್ತನೀಸ ತಾನೇ ಹುಟ್ಟಿಸಿದನೆಂದು ತೋರುವುದಿಲ್ಲ. ಅವರು ಇಲ್ಲಿಯ ಕಥೆಗಳಲ್ಲೇ ಇದ್ದರು. ಮಹಾಭಾರತದ ಸಭಾಪರ್ವದಲ್ಲಿ ಸಹದೇವನು ದಿಗ್ವಿಜಯಕ್ಕೆ ಹೊರಟಾಗ ಗೆದ್ದ ಜನರ ಸಾಲಿನಲ್ಲಿ ಕರ್ಣಪ್ರಾವರಣರೂ ಏಕಪಾದರೂ ಬರುತ್ತಾರೆ. ಸಹದೇವ ಹೋದ ದಿಕ್ಕು ಯಾವುದು? ದಕ್ಷಿಣ. ಗ್ರೀಕನಿಗೆ ವಿಕಾರ ಜನ ಭಾರತದಲ್ಲಿ, ಉತ್ತರದ ಕವಿಗೆ ದಕ್ಷಿಣದಲ್ಲಿ, ದಕ್ಷಿಣದ ನಾಡವರಿಗೆ ಕಾಡಿನಲ್ಲಿ. ಕಾಡಿನವರೂ ಸುಮ್ಮನಿಲ್ಲ, ಆ ಮಾತಿಗೆ ಮುಂದೆ ಬರುತ್ತೇನೆ.

ನಮ್ಮ ಪವಿತ್ರ ಗ್ರಂಥವೂ ಈ ರೋಗವನ್ನು ಬಲ್ಲದು. ಸಂಖ್ಯಾಕಾಂಡದ 13ನೆಯ ಅಧ್ಯಾಯದಲ್ಲಿ ಮೋಶೆ ಕಳುಹಿಸಿದ ಗೂಢಚಾರರು ಕಾನಾನ್ ನಾಡನ್ನು ನೋಡಿ ಹಿಂದಿರುಗಿ, ಅಲ್ಲಿಯವರು ದೈತ್ಯರು, ಅವರ ಮುಂದೆ ನಾವು ಮಿಡತೆಗಳಂತಿದ್ದೆವು ಎಂದು ವರದಿ ಮಾಡುತ್ತಾರೆ. ಹನ್ನೆರಡು ಮಂದಿಯಲ್ಲಿ ಹತ್ತು ಮಂದಿ ಕಂಡದ್ದು ತಮ್ಮ ಭಯದ ಅಳತೆಯನ್ನು. ದೈತ್ಯಕುಲಗಳು ಹುಟ್ಟುವ ಪ್ರಕ್ರಿಯೆಯನ್ನು ಇದಕ್ಕಿಂತ ಚಿಕ್ಕದಾಗಿ ಯಾವ ಪಂಡಿತನೂ ವಿವರಿಸಿಲ್ಲ.

ಹಾಗಾದರೆ ವಿಕಾರ ಕುಲಗಳ ವಿಚಾರದಲ್ಲಿ ವಿಶ್ವಾಸಿಯ ನಿಲುವೇನು? ಈ ಪ್ರಶ್ನೆಯನ್ನು ಐದನೆಯ ಶತಮಾನದಲ್ಲೇ ಸಂತ ಅಗಸ್ಟೀನರು ಎತ್ತಿಕೊಂಡರು. ಕಾರ್ಥೇಜಿನ ಬಂದರಿನ ಬಯಲಲ್ಲಿ ಈ ನಾಯಿತಲೆಯವರು, ಒಂಟಿಕಾಲಿನವರು ಮುಂತಾದವರ ಚಿತ್ರಗಳನ್ನು ಬಣ್ಣದ ಹರಳುಗಳಲ್ಲಿ ಜೋಡಿಸಿದ್ದರು. ಅದನ್ನು ನೆನೆದು 'ದೇವನಗರ' ಗ್ರಂಥದ 16ನೆಯ ಭಾಗದಲ್ಲಿ ಅವರು ವಿಚಾರ ಮಾಡುತ್ತಾರೆ. ಇಂಥವರು ನಿಜವಾಗಿ ಇದ್ದಾರೆಂದು ನಂಬಲೇಬೇಕಾಗಿಲ್ಲ. ಆದರೆ ಇದ್ದರೆ, ಮತ್ತು ಅವರು ವಿವೇಚನೆಯುಳ್ಳ ಮರ್ತ್ಯಜೀವಿಗಳಾಗಿದ್ದರೆ, ಅವರ ಆಕಾರ, ಬಣ್ಣ, ದನಿ ಎಷ್ಟೇ ವಿಚಿತ್ರವಾಗಿರಲಿ, ಅವರು ಆ ಒಬ್ಬ ಆದಿಮಾನವನ ಸಂತಾನವೇ ಎಂಬುದರಲ್ಲಿ ವಿಶ್ವಾಸಿಗೆ ಸಂಶಯ ಕೂಡದು ಎಂಬುದು ಅವರ ನಿರ್ಣಯ. ಪೂರ್ವದ ಧರ್ಮಸಭೆಗಳ ಚಿತ್ರಕಾರರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಂತ ಕ್ರಿಸ್ತೋಫರರನ್ನೇ ನಾಯಿತಲೆಯವರಾಗಿ ಬರೆದು ಪ್ರಭಾವಳಿ ಇಟ್ಟರು. ಹೊಸೂರು ರಸ್ತೆಯ ಲಾರಿಗಳಲ್ಲಿ ಪದಕವಾಗಿ ತೂಗಾಡುವ ಅದೇ ಸಂತರು! 1537ರಲ್ಲಿ ಜಗದ್ಗುರು ಮೂರನೆಯ ಪೌಲರು, ಅಮೆರಿಕದ ಮೂಲನಿವಾಸಿಗಳು ನಿಜವಾದ ಮನುಷ್ಯರು, ಅವರ ಸ್ವಾತಂತ್ರ್ಯವನ್ನೂ ಸ್ವತ್ತನ್ನೂ ಕಸಿಯಬಾರದು ಎಂದು ಘೋಷಿಸಿದರು. ಹಾಗೆ ಘೋಷಿಸಬೇಕಾಗಿ ಬಂದದ್ದೇ, ಶಿಲುಬೆ ಹೊತ್ತು ಹೋದ ನಮ್ಮವರೇ ಅವರನ್ನು ಮನುಷ್ಯರೆಂದು ಕಾಣಲು ಒಲ್ಲೆವೆಂದದ್ದಕ್ಕೆ ಸಾಕ್ಷಿ. ಘೋಷಣೆಯ ನಂತರವೂ ಸುಲಿಗೆ ನಿಲ್ಲಲಿಲ್ಲ. ಇದನ್ನು ಮರೆಮಾಚಿ ಉಪದೇಶ ಮಾಡುವ ಹಕ್ಕು ನನಗಿಲ್ಲ.

ಇಷ್ಟಕ್ಕೂ ಅಗಸ್ಟೀನರನ್ನು ಓದಲು ಹಿಪ್ಪೋ ಪಟ್ಟಣಕ್ಕೆ ಹೋಗಬೇಕಾಗಿಲ್ಲ. ಕನ್ನಡದಲ್ಲೇ ಈ ವಿಚಾರ ಬಹಳ ಹಿಂದೆ ಇತ್ಯರ್ಥವಾಗಿತ್ತು. ಅಭಿನವ ಪಂಪನೆಂದು ಹೆಸರಾದ ನಾಗಚಂದ್ರ ಸುಮಾರು ಒಂಬೈನೂರು ವರ್ಷಗಳ ಹಿಂದೆ ರಚಿಸಿದ 'ರಾಮಚಂದ್ರಚರಿತ ಪುರಾಣ'ವನ್ನು ನಮ್ಮ ಎಷ್ಟು ಕಾಲೇಜು ಹುಡುಗರು ಬಲ್ಲರು? ಅವನಿಗೂ ಹಿಂದೆ ಪ್ರಾಕೃತದ ವಿಮಲಸೂರಿ ತನ್ನ 'ಪಉಮಚರಿಯ'ದ ಆರಂಭದಲ್ಲೇ ಶ್ರೇಣಿಕ ರಾಜನ ಬಾಯಿಂದ ಸಂದೇಹಗಳನ್ನು ಕೇಳಿಸುತ್ತಾನೆ: ಕುಲೀನರಾದ ರಾಕ್ಷಸರು ನರಮಾಂಸ ತಿನ್ನುವರೆಂದರೆ ನಂಬುವುದು ಹೇಗೆ? ಕೋತಿಗಳು ಅಂಥ ವೀರರನ್ನು ಕೊಂದದ್ದು ಹೇಗೆ? ಕುಂಭಕರ್ಣ ಆರು ತಿಂಗಳು ಮಲಗಿದ್ದು ಹೇಗೆ? ಜೈನ ಪರಂಪರೆಯ ಉತ್ತರ ಸರಳ. ರಾಕ್ಷಸರೂ ವಾನರರೂ ವಿದ್ಯಾಧರ ಕುಲದ ಮನುಷ್ಯರೇ. ರಾಕ್ಷಸ ಎಂಬುದು ವಂಶದ ಹೆಸರು. ವಾನರರಿಗೆ ಬಾಲವಿರಲಿಲ್ಲ, ಅವರ ಧ್ವಜದಲ್ಲಿಯೂ ಕಿರೀಟದಲ್ಲಿಯೂ ಕಪಿಯ ಲಾಂಛನವಿತ್ತು, ಅಷ್ಟೆ. ರಾವಣನಿಗೆ ಹತ್ತು ತಲೆಗಳಿರಲಿಲ್ಲ. ಕೊರಳ ಹಾರದ ಒಂಬತ್ತು ರತ್ನಗಳಲ್ಲಿ ಅವನ ಮುಖ ಪ್ರತಿಫಲಿಸಿ ದಶಮುಖನೆಂಬ ಹೆಸರು ಬಂತು.

ಇದನ್ನು ಕೇವಲ ಬುದ್ಧಿವಾದಿಗಳ ಚಮತ್ಕಾರ ಎನ್ನುವವರು ನಾಗಚಂದ್ರನ ರಾವಣನನ್ನು ಕಾಣಬೇಕು. ಆ ರಾವಣ ಶೀಲವಂತ, ಒಂದೇ ಒಂದು ದುರ್ಬಲ ಗಳಿಗೆಯಲ್ಲಿ ಜಾರಿದವನು. ಸೀತೆಯ ಅಚಲ ನಿಷ್ಠೆಯನ್ನು ಕಂಡು ಅವನ ಮನಸ್ಸು ಕರಗುತ್ತದೆ, ಪಶ್ಚಾತ್ತಾಪ ಪಡುತ್ತಾನೆ. ಯುದ್ಧದಲ್ಲಿ ರಾಮನನ್ನು ಗೆದ್ದು, ಆಮೇಲೆ ಸೀತೆಯನ್ನು ಗೌರವದಿಂದ ಒಪ್ಪಿಸುತ್ತೇನೆಂದು ನಿಶ್ಚಯಿಸುತ್ತಾನೆ. ಮಾನದ ಹಂಗು ಬಿಡಲಾರದ್ದರಿಂದ ಲಕ್ಷ್ಮಣನ ಕೈಯಲ್ಲಿ ಮಡಿಯುತ್ತಾನೆ. ಪಾಪನಿವೇದನೆಯ ಪೀಠದಲ್ಲಿ ಮೂರು ದಶಕ ಕುಳಿತ ನನಗೆ ಇಂಥ ರಾವಣರು ಚೆನ್ನಾಗಿ ಪರಿಚಿತರು: ಪಶ್ಚಾತ್ತಾಪ ಪೂರ್ಣವಾಗಿರುತ್ತದೆ, ಸೋಲೊಪ್ಪಲು ಮಾತ್ರ ಮನಸ್ಸಿರುವುದಿಲ್ಲ. ಜೈನ ಕವಿಗಳಿಗೆ ವೈದಿಕ ಪುರಾಣಗಳೊಡನೆ ತಮ್ಮದೇ ಜಗಳವಿತ್ತು, ನಿಜ. ಎಲ್ಲವನ್ನೂ ಕರುಣೆಯಿಂದಲೇ ಬರೆದರೆಂದು ನಾನು ವಾದಿಸುವುದಿಲ್ಲ. ಜಗಳದಿಂದಲಾದರೂ ಅವರು ರಕ್ಕಸನಿಗೆ ಮುಖ ಹಿಂದಿರುಗಿಸಿದರು. ಆ ದಾರಿ ಕನ್ನಡದಲ್ಲಿ ಮುಚ್ಚಿಹೋಗಲಿಲ್ಲ. ಕುವೆಂಪು 'ಶ್ರೀ ರಾಮಾಯಣ ದರ್ಶನಂ'ನಲ್ಲಿ ರಾವಣನ ಹೃದಯ ಪರಿವರ್ತನೆಯನ್ನು ಕಂಡರು. ಎಸ್. ಎಲ್. ಭೈರಪ್ಪನವರು 1979ರ 'ಪರ್ವ'ದಲ್ಲಿ ಹಿಡಿಂಬೆಯ ರಾಕ್ಷಸ ಕುಲವನ್ನು ಕಾಡಿನಲ್ಲಿ ಬಾಳುವ ಮನುಷ್ಯರನ್ನಾಗಿ ತೋರಿಸಿದರು. ಇಷ್ಟು ದೊಡ್ಡ ಆಸ್ತಿಯ ವಾರಸುದಾರರು ನಾವು!

ನಾನು ಬಾಲ್ಯದಲ್ಲಿ ಕಾಯುತ್ತಿದ್ದ 'ಚಂದಮಾಮ'ದ ಚಿತ್ರಗಳಲ್ಲಿ ಮಾತ್ರ ರಾಕ್ಷಸ ಯಾವಾಗಲೂ ಕಪ್ಪು, ಗುಂಗುರು ಕೂದಲು, ದಪ್ಪ ತುಟಿ. ನನ್ನ ಮೈಬಣ್ಣವೂ ಅದೇ. ತರಗತಿಯ ನಾಟಕದಲ್ಲಿ ನನಗೆ ಯಾವ ಪಾತ್ರ ಸಿಗುತ್ತಿತ್ತೆಂದು ಹೇಳಬೇಕಾಗಿಲ್ಲ. 2015ರಲ್ಲಿ ತೆರೆಕಂಡ 'ಬಾಹುಬಲಿ'ಯನ್ನು ಆನೇಕಲ್ಲಿನಿಂದ ಬೀದರಿನವರೆಗೆ ನೋಡದವರು ವಿರಳ. ಅದರಲ್ಲಿ ಮಾಹಿಷ್ಮತಿಯ ಮೇಲೆ ಏರಿಬರುವ ಕಾಲಕೇಯರೆಂಬ ಕುಲದ ಹೆಸರು ಮಹಾಭಾರತದ ಅಸುರರದು. ಅವರಿಗಾಗಿ ಕಿಲಿಕಿ ಎಂಬ ಭಾಷೆಯನ್ನೇ ಹೊಸದಾಗಿ ಕಟ್ಟಲಾಯಿತು. ಬಣ್ಣವನ್ನು ಹೊಸದಾಗಿ ಕಟ್ಟಬೇಕಾಗಲಿಲ್ಲ. ನಟರ ಮೈಗೆ ಮಸಿ ಬಳಿದರೆ ಸಾಕಾಯಿತು, ಪ್ರೇಕ್ಷಕರಿಗೆ ಉಳಿದುದೆಲ್ಲ ತಾನಾಗಿಯೇ ಅರ್ಥವಾಯಿತು. ಹಾಲಿವುಡ್ಡನ್ನು ಬೈಯುವ ನಮ್ಮ ಸ್ವದೇಶಾಭಿಮಾನ ಅಂದು ಎಲ್ಲಿ ಹೋಗಿತ್ತು?

ಕಾಡಿನವರ ವಿಷಯ ಹೇಳುತ್ತೇನೆಂದಿದ್ದೆ. ಜಾರ್ಖಂಡಿನಲ್ಲಿ ಅಸುರ್ ಎಂಬ ಆದಿವಾಸಿ ಜನರಿದ್ದಾರೆ. ಕಲ್ಲಿನಿಂದ ಕಬ್ಬಿಣ ಕರಗಿಸಿ ತೆಗೆಯುವುದು ಅವರ ಪಾರಂಪರಿಕ ವಿದ್ಯೆ; ಮಹಿಷಾಸುರ ತಮ್ಮ ಪೂರ್ವಜನೆಂದು ಅವರಲ್ಲಿ ನಂಬಿಕೆ. ಪುರಾಣದ ಕಲ್ಪಿತ ಕುಲದ ಹೆಸರನ್ನು ಜಾತಿ ಪ್ರಮಾಣಪತ್ರದಲ್ಲಿ ಹೊತ್ತು ಜೀವಂತವಾಗಿ ಓಡಾಡುವ ಮನುಷ್ಯರು ಅವರು. ಅದೇ ನಾಡಿನ ಮುಂಡಾ ಜನರ ಕಥೆಯೊಂದರಲ್ಲಿ ಈ ಅಸುರರ ಕುಲುಮೆಯ ಹೊಗೆ ಮತ್ತು ಧಗೆಯಿಂದ ಬೇಸತ್ತ ಸಿಂಗ್‌ಬೋಂಗಾ ದೇವರು ಉಪಾಯದಿಂದ ಅವರನ್ನು ಅವರದೇ ಕುಲುಮೆಯಲ್ಲಿ ಸುಡುತ್ತಾನೆ. ತುಳಿಯಲ್ಪಟ್ಟವರ ಕಥೆಯಲ್ಲೂ ತುಳಿಯಲು ಇನ್ನೊಬ್ಬರು ಬೇಕಾದರು. ಸಂಜೆಯ ಬಲಿಪೂಜೆಗೆ ಬರುವ ಮುಂಡಾ ಯುವಕನೊಬ್ಬನಿಂದಲೇ ಈ ಕಥೆಯನ್ನು ನಾನು ಮೊದಲು ಕೇಳಿದ್ದು. ಜಿಗಣಿಯ ಎರಕದ ಕುಲುಮೆಯೊಂದರಲ್ಲಿ ಅವನಿಗೆ ಕೆಲಸ.

ಆನೇಕಲ್ಲಿನ ಕರಗವನ್ನೂ ಇಲ್ಲಿ ನೆನೆಯಬೇಕು. ದ್ರೌಪದಿಯು ತಿಮಿರಾಸುರನನ್ನು ಎದುರಿಸಲು ವೀರಕುಮಾರರೆಂಬ ಪಡೆಯನ್ನು ಸೃಷ್ಟಿಸಿದಳೆಂದು ಕರಗದ ಕಥೆ ಹೇಳುತ್ತದೆ. ಧರ್ಮರಾಯಸ್ವಾಮಿ ಗುಡಿಯಿಂದ ಕರಗ ಹೊರಡುವಾಗ ಕತ್ತಿ ಹಿಡಿದು ಸುತ್ತ ನಡೆಯುವ ತಿಗಳ ಸಮುದಾಯದವರು ತಾವೇ ಆ ವೀರಕುಮಾರರ ಪೀಳಿಗೆಯೆಂದು ನಂಬುತ್ತಾರೆ. ಕಥೆ ಕೆಲವರಿಗೆ ದೇವಿಯ ಮಕ್ಕಳೆಂಬ ಗೌರವದ ವಂಶಾವಳಿ ಕೊಡುತ್ತದೆ, ಕೆಲವರಿಗೆ ಅಸುರರೆಂಬ ಹೆಸರು. ಕಥೆಯಲ್ಲಿ ಹುಟ್ಟಿದ ಕುಲಕ್ಕೆ ನೆಲದ ಮೇಲೆ ವಾರಸುದಾರರಿದ್ದಾರೆ ಎಂಬುದು ಆನೇಕಲ್ಲಿನ ತೇರುಬೀದಿಗೆ ತಿಳಿದಿದೆ. ಹತ್ತು ಕಿಲೋಮೀಟರ್ ಆಚೆಯ ಗಾಜಿನ ಕಟ್ಟಡಗಳಲ್ಲಿ ಅದನ್ನು ಬರೀ ಕಲ್ಪನೆ ಎನ್ನುತ್ತಾರೆ.

2012ರ ಆಗಸ್ಟ್ ತಿಂಗಳನ್ನು ನಾವು ಇಷ್ಟು ಬೇಗ ಮರೆತೆವೇ? ಈಶಾನ್ಯದವರ ಮೇಲೆ ದಾಳಿಯಾಗಲಿದೆ ಎಂಬ ಪುಕಾರು ಮೊಬೈಲ್ ಸಂದೇಶಗಳಲ್ಲಿ ಹಬ್ಬಿ, ಕೆಲವೇ ದಿನಗಳಲ್ಲಿ ಸಾವಿರಾರು ಮಂದಿ ಬೆಂಗಳೂರು ರೈಲು ನಿಲ್ದಾಣಕ್ಕೆ ಧಾವಿಸಿದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಆ ಜನರಲ್ಲಿ ನಾಗಾ, ಮಣಿಪುರಿ, ಮಿಜೋ, ಖಾಸಿ, ಬೋಡೋ ಎಲ್ಲರೂ ಇದ್ದರು. ಭಾಷೆ ಬೇರೆ, ಮತ ಬೇರೆ, ರಾಜ್ಯ ಬೇರೆ. ಅವರನ್ನೆಲ್ಲ ಒಂದೇ ಡಬ್ಬಿಗೆ ತುಂಬಿದ್ದು ಮುಖವೊಂದೇ. ದಾಳಿ ನಡೆಯುತ್ತಿತ್ತೋ ಇಲ್ಲವೋ, ಅವರು ನಂಬಿದರು. ಏಕೆ ನಂಬಿದರು? ದಿನವೂ ಬಸ್ಸಿನಲ್ಲಿ, ಕ್ಯಾಂಟೀನಿನಲ್ಲಿ, ಬಾಡಿಗೆ ಮನೆಯ ಬಾಗಿಲಲ್ಲಿ ನಾವು ಇಟ್ಟ ಅಡ್ಡಹೆಸರುಗಳನ್ನು ಕೇಳಿ ಕೇಳಿ, ಪುಕಾರು ಬರುವ ಮೊದಲೇ ಅವರು ಅರ್ಧ ನಂಬಿಯಾಗಿತ್ತು.

ಮತ್ತೆ ಟೋಲ್ಕಿನ್. 1954ರಲ್ಲಿ ಕಥೋಲಿಕ ಪುಸ್ತಕದಂಗಡಿಯ ವ್ಯವಸ್ಥಾಪಕರೊಬ್ಬರು ಅವರ ಕಥೆಯಲ್ಲಿನ ದೈವಶಾಸ್ತ್ರದ ತೊಡಕುಗಳನ್ನು ಎತ್ತಿ ಬರೆದರು. ಕೇಡಿಗೆ ಸೃಷ್ಟಿಸುವ ಶಕ್ತಿಯಿಲ್ಲ, ಇರುವುದನ್ನು ಕೆಡಿಸುವ ಶಕ್ತಿ ಮಾತ್ರ ಎಂಬುದು ನಮ್ಮ ಬೋಧನೆ. ಹಾಗಿದ್ದರೆ ಆರ್ಕ್‌ಗಳು ಮೊದಲು ಏನಾಗಿದ್ದರು? ಅವರಿಗೆ ಆತ್ಮವಿದೆಯೇ? ಇದ್ದರೆ ರಕ್ಷಣೆಯ ದಾರಿ ಅವರಿಗೆ ಮುಚ್ಚಿದ್ದೇಕೆ? ಟೋಲ್ಕಿನ್ ದೀರ್ಘವಾದ ಉತ್ತರ ಬರೆದರು, ಪೂರ್ತಿ ಮಾಡಲಿಲ್ಲ, ಕಳುಹಿಸಲಿಲ್ಲ. ಕೊನೆಯ ದಶಕಗಳಲ್ಲೂ ಆರ್ಕ್‌ಗಳ ಮೂಲವನ್ನು ಎಲ್ಫ್‌ಗಳಿಂದ, ಮನುಷ್ಯರಿಂದ, ಮೃಗಗಳಿಂದ ಎಂದು ಬದಲಾಯಿಸುತ್ತಲೇ ಹೋದರು; ಯಾವುದೂ ಅವರಿಗೆ ಒಪ್ಪಿಗೆಯಾಗಲಿಲ್ಲ. ಆ ಅಶಾಂತಿಗಾಗಿ ನಾನು ಅವರನ್ನು ಗೌರವಿಸುತ್ತೇನೆ. ಅವರದೇ ಕಥೆಯಲ್ಲಿ ಸ್ಯಾಮ್ ತನ್ನೆದುರು ಸತ್ತುಬಿದ್ದ ದಕ್ಷಿಣದ ಸಿಪಾಯಿಯನ್ನು ಕಂಡು, ಇವನ ಹೆಸರೇನಿರಬಹುದು, ಇವನು ನಿಜಕ್ಕೂ ಕೆಟ್ಟವನೇ, ಯಾವ ಸುಳ್ಳು ಇವನನ್ನು ಮನೆಬಿಟ್ಟು ಇಷ್ಟು ದೂರ ತಂದಿತು ಎಂದು ಯೋಚಿಸುತ್ತಾನೆ. ಇನ್ನೊಂದೆಡೆ ಇಬ್ಬರು ಆರ್ಕ್‌ಗಳು, ಮೇಲಿನವರ ಕಾಟ ತಪ್ಪಿದರೆ ನಂಬಿಕೆಯ ನಾಲ್ಕು ಜನರೊಂದಿಗೆ ಎಲ್ಲಾದರೂ ಹೋಗಿ ಬದುಕಿಕೊಳ್ಳಬಹುದೆಂದು ಗೊಣಗುತ್ತಾರೆ. ಪಾಳಿ ಬದಲಾಗುವ ಹೊತ್ತಿನಲ್ಲಿ ಬೊಮ್ಮಸಂದ್ರದ ಚಹಾ ಅಂಗಡಿಯ ಮುಂದೆ ಕೇಳುವ ಮಾತೂ ಅದೇ ಅಲ್ಲವೇ! ಲೇಖಕರ ಕೈ ತಾನೇ ಕೆತ್ತಿದ ಮುಖವಾಡವನ್ನು ಒಂದೆರಡು ಕ್ಷಣ ಸರಿಸಿತು. ಆ ಎರಡು ಕ್ಷಣಗಳನ್ನು ಬಿಟ್ಟು ಉಳಿದುದೆಲ್ಲವನ್ನೂ ನಮ್ಮ ಆಟಗಳು ನಕಲು ಮಾಡಿಕೊಂಡವು.

ಆಟಗಳ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. 1974ರಲ್ಲಿ ಅಮೆರಿಕದಲ್ಲಿ ಹೊರಬಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಈ ಎಲ್ಲ ಆಟಗಳ ತಾಯಿ. ಅದಕ್ಕೆ ನಮ್ಮ ರಾಕ್ಷಸನೂ ಮರುವರ್ಷವೇ ಸೇರಿಕೊಂಡ, ಒಂದು ಟಿ.ವಿ. ಧಾರಾವಾಹಿಯ ದಾರಿಯಿಂದ, ಅನಂತರದ ಪುಸ್ತಕದಲ್ಲಿ ಹುಲಿಯ ತಲೆ ಹೊತ್ತು ಚುಂಗಾಣಿ ಸೇದುತ್ತ ಕುಳಿತ. 2020ರಲ್ಲಿ ಅದರ ಕಂಪನಿಯವರು ಆರ್ಕ್ ಮುಂತಾದ ಕುಲಗಳನ್ನು ಹುಟ್ಟುಕೇಡಿಗರೆಂದು ಚಿತ್ರಿಸುವುದನ್ನು ತಿದ್ದುವುದಾಗಿ ಹೇಳಿದರು. 2024ರ ಹೊಸ ಆವೃತ್ತಿಯಲ್ಲಿ 'ಜನಾಂಗ' ಎಂಬ ಪದ ತೆಗೆದು 'ಜೀವಪ್ರಭೇದ' ಎಂಬರ್ಥದ ಪದ ಹಾಕಿದರು. ಮೊದಲನೆಯ ತಿದ್ದುಪಡಿ ಸ್ವಾಗತಾರ್ಹ. ಎರಡನೆಯದು ನನಗೆ ಹಿಡಿಸದು. ಜನಾಂಗವೆಂದರೆ ನೆರೆಯವನು, ಜೀವಪ್ರಭೇದವೆಂದರೆ ನಾಯಿ, ಬೆಕ್ಕು. ಅಪರಾಧಿಪ್ರಜ್ಞೆಯಿಂದ ಬಿಡಿಸಿಕೊಳ್ಳಲು ನೆರೆಯವನನ್ನು ಇನ್ನಷ್ಟು ದೂರ ತಳ್ಳಿದಂತಾಯಿತು.

ಆ ಹುಡುಗನನ್ನು ಮತ್ತೆ ಭೇಟಿಯಾದೆ. ಇದನ್ನೆಲ್ಲ ಸುಮಾರು ಒಂದು ಗಂಟೆ ಹೇಳಿದೆ. ಅವನು ತಾಳ್ಮೆಯಿಂದ ಕೇಳಿದ. ನಾಗಚಂದ್ರನ ವಿಷಯ ಬಂದಾಗ ಮುಂದಕ್ಕೆ ಬಾಗಿ ಕುಳಿತ. ಕೊನೆಗೆ, "ಹಾಗಾದರೆ ಆಟದಲ್ಲಿ ನಾವು ಯಾರನ್ನು ಕೊಲ್ಲಬೇಕು ಫಾದರ್?" ಎಂದು ಕೇಳಿದ. ತಮಾಷೆಗೆ ಕೇಳಿದ್ದಲ್ಲ. ಒಳ್ಳೆಯ ಪ್ರಶ್ನೆ, ಅದಕ್ಕೆ ಉತ್ತರ ಹುಡುಕುವುದನ್ನು ಅವನಿಗೇ ಬಿಟ್ಟಿದ್ದೇನೆ. ಅವನು ಅವಳ ಬಳಿ ಹೋಗಿ ಕ್ಷಮೆ ಕೇಳಿದ್ದಾನೆಂದು ಧರ್ಮಕೇಂದ್ರದ ಗುರುಗಳು ತಿಳಿಸಿದರು. ಅಷ್ಟರಲ್ಲಿ ಅವಳು ರಾತ್ರಿ ಪಾಳಿಗೆ ವರ್ಗ ಕೇಳಿ ಪಡೆದಿದ್ದಳು. ಆ ಪಾಳಿಯಲ್ಲಿ ಜನ ಕಡಿಮೆಯಂತೆ.